ರುದ್ರವ್ವನ ಕಂಪ್ಲೇಂಟು

ಮುಂಬಯಿ ಬಳಿಯ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಶೇರ್ ರಿಕ್ಷಾದ ಸಾಲಿನಲ್ಲಿ ನಿಂತಿದ್ದ ಲೋಲಾಕ್ಷಿಯ ಕಿವಿಗೆ ಮುಂದಿದ್ದವರ ಕನ್ನಡ ಬಿತ್ತು. ವಯಸ್ಸಾದಾಕೆ ರುದ್ರವ್ವ, ಅವಳ ಚೀಲ ಹಿಡಿದುಕೊಂಡವಳು ಸೋದರಸೊಸೆ ಕಾಂಚನಾ.

"ಮನಸ್ಸಿನ್ಯಾಗಿಂದೆಲ್ಲಾ ಬುಕ್ಕಿನ್ಯಾಗ ಬರದು ಹಗುರಾಗ್ರಿ ಅಂದ್ರು ಡಾಕ್ಟರು. ನಮ್ಮ ಬಿಲ್ಡಿಂಗ್ ಗೇಟಿನ್ಯಾಗ ವಾಚ್‌ಮನ್ ಕಡೆ ಒಂದ್ ಬುಕ್ ಇತ್ತು, ಬರದೆ."

"ಅತ್ತಿ, ಅದು ಸೊಸೈಟಿ ಕಂಪ್ಲೇಂಟ್ ಬುಕ್ಕು."

"ನನಗೇನ್ ಗೊತ್ತವ್ವಾ? ತಲಿಯೊಳಗ ಏನೋ ಸೋರಿದಂಗ ಆಗ್ತದ ಅಂತ ಬರದಿದ್ದೆ. ಮರುದಿನ ಪ್ಲಂಬರ್ ಬಂದ."

"ಕನ್ನಡ ಯಾರ್ ಓದಿದ್ರು?"

"ಸೆಕ್ರೆಟರಿ ಉಡುಪಿ ಹೋಟೆಲಿಗೆ ಒಯ್ದು ಓದಿಸ್ಯಾರ."

"ಮತ್ತೇನ್ ಬರದಿದ್ರಿ?"

"ಮಧ್ಯಾಹ್ನ ಮಾತಾಡಾಕ ಯಾರೂ ಇರಂಗಿಲ್ಲ ಅಂತ. ಮೀಟಿಂಗ್ ಮಾಡಿ ಪಾಳಿ ಹಚ್ಚ್ಯಾರ. ಸೋಮವಾರ ಜೋಶಿ ಆಜಿ, ಮಂಗಳವಾರ ಸೆಕ್ರೆಟರಿ, ಬುಧವಾರ ಆ ಪ್ಲಂಬರ್. ಪಾಪ, ಎರಡು ತಾಸು ಕುಂತು ಹೋಗ್ತಾನ."

"ಮನಸ್ಸು ಹಗುರಾತೇನು?"

"ಆಗ್ಯಾದ. ಆದ್ರ ಈಗ ಕಂಪ್ಲೇಂಟ್ ಮುಗೀತು, ಸಹಿ ಮಾಡ್ರಿ ಅಂತಾರ."

"ಮಾಡಿಬಿಡ್ರಿ."

"ಹುಚ್ಚಿ, ಸಹಿ ಮಾಡಿದ್ರ ನಾಳಿಂದ ಯಾರ್ ಬರ್ತಾರ?"

ರಿಕ್ಷಾದವನು ಎರಡು ಸೀಟಿಗೆ ಕರೆದ. ಕಾಂಚನಾ ಅತ್ತೆಯನ್ನು ಮೊದಲು ಹತ್ತಿಸಿ, ತಾನೂ ಕುಳಿತು ಹೊರಟುಹೋದಳು.