ಹಗುರ ದೋಣಿಯ ಪ್ರೊಪೆಲ್ಲರ್

ದೋಣಿಗಳಿಗೆ ಬಣ್ಣ ಬಳಿಯುವವನ ಕಿವಿ ಸಾಮಾನ್ಯದ್ದಲ್ಲ. ನೀರಿನಡಿ ಮೀನು ಆಕಳಿಸಿದರೂ ಅವನಿಗೆ ಕೇಳುತ್ತದೆ. ಮೋಟಾರ್ ಅಂಗಡಿಯ ಸಾಲಿನಲ್ಲಿ, ಗಡ್ಡ ಎದೆಗಿಳಿಯುವಷ್ಟು ಹೊತ್ತು ಅವನು ಕಾದ ಮೇಲೆ, ಮುಂದಿದ್ದ ಹುಡುಗಿ ಹಳೆಯ ಪ್ರೊಪೆಲ್ಲರನ್ನು ಅಂಗಡಿಯವನೆದುರು ಕೌಂಟರಿನ ಮೇಲಿಟ್ಟಳು.

"ಮಾವ, ಇದನ್ನ ಬದಲಾಯಿಸ್ಬೇಕು."

"ರೆಕ್ಕೆ ಚೆನ್ನಾಗೇ ಇದೆಯಲ್ಲೇ."

"ನಾನೊಬ್ಳೇ ಹೋದ್ರೆ ಮೋಟಾರು ಕಿರುಚುತ್ತೆ."

"ಕಿರುಚದೆ ಇನ್ನೇನು? ಇದು ಭಾರ ಎಳೆಯೋದು. ಹಗುರ ದೋಣಿಗೆ ಪಿಚ್, ಅಂದ್ರೆ ರೆಕ್ಕೆಯ ಓರೆ, ಜಾಸ್ತಿ ಇರೋದು ಬೇಕು. ನಿಮ್ಮಣ್ಣ ಇದ್ದಾಗ ಇದೇ ಸರಿಯಿತ್ತು. ಅವನೊಬ್ಬ ಕೂತ್ರೆ ಮೂರು ಜನ ಕೂತ ಹಾಗೆ."

"ಊಟ ಆದ್ಮೇಲೆ ನಾಲ್ಕು ಅನ್ನಿ."

ಇಬ್ಬರೂ ನಕ್ಕರು. ನಗು ತುಟಿಯಿಂದಾಚೆಗೆ ಹೋಗಲಿಲ್ಲ.

"ಅವನು ತೀರಿಕೊಂಡು ಎರಡು ತಿಂಗಳಾಯ್ತು. ಇಷ್ಟು ದಿನ ಹೇಗೆ ಓಡಿಸ್ದೆ?"

"ಅವನು ಕೂರೋ ಜಾಗದಲ್ಲಿ ಮರಳಿನ ಮೂಟೆ ಇಟ್ಟೆ, ಒಂದರ ಮೇಲೊಂದು. ಮೋಟಾರು ಸುಮ್ಮನಾಯ್ತು."

"ಹಾಗಿದ್ರೆ ಅದೇ ಇರಲಿ ಬಿಡು. ಹೊಸದು ಯಾಕೆ?"

"ಅಮ್ಮ ದಡದಲ್ಲಿ ನಿಂತು ನೋಡ್ತಾಳೆ ಮಾವ. ಕಣ್ಣು ಮಂಜು. ನಿನ್ನೆ ಮೂಟೆ ಕಡೆ ಕೈ ಬೀಸಿ, ಅಣ್ಣನ ಹೆಸರು ಹಿಡಿದು ಊಟಕ್ಕೆ ಕರೆದಳು."

ಕಬ್ಬಿಣದೊಡನೆ ಜಗಳಕ್ಕೆ ನಿಂತರೂ ಗೆಲ್ಲುವಷ್ಟು ಬಾಯಿಯಿದ್ದ ಅಂಗಡಿಯವನು ಅಟ್ಟಕ್ಕೆ ಏಣಿ ಹಾಕಿದನು. ಅಟ್ಟದಿಂದ ಇನ್ನೊಂದು ಪ್ರೊಪೆಲ್ಲರ್ ಇಳಿಸಿ, ಒರೆಸಿದ್ದನ್ನೇ ಒರೆಸಿದನು.

"ಜೋಡಿಸೋಕೆ ಬರುತ್ತಾ?"

"ಅದು ಬರುತ್ತೆ. ಮೂಟೆ ಇಳಿಸೋದೇ ಒಬ್ಳ ಕೈಲಿ ಆಗ್ತಿಲ್ಲ."

ಅಂಗಡಿಯವನು ಶಟರ್ ಎಳೆದು ಅವಳ ಜೊತೆ ದಡದ ಕಡೆ ನಡೆದನು. ಸಾಲಿನಲ್ಲಿ ನಿಂತಿದ್ದ ಅರ್ಧ ಭೂಮಂಡಲದಲ್ಲಿ ಒಬ್ಬರು ಗೊಣಗಿದ್ದೂ ಬಣ್ಣ ಬಳಿಯುವವನ ಆ ಕಿವಿಗೆ ಕೇಳಲಿಲ್ಲ.