ಗುಂಡಿ ಹಾಕದ ಅಂಗಿ

ಅಲ್ಲೋ ತಮ್ಮಾ, ಓಡಿಹೋಗೋದು ನಿನ್ನ ಮಟ್ಟಿಗೆ ತಪ್ಪೇ ಅಲ್ಲ. ಎಷ್ಟು ಸಲ ಹೇಳ್ಲಿ? ಆಸ್ಪತ್ರೆ ಗೇಟು ಎದುರಿಗೇ ಇದೆ. ಈ ಬೆಂಚಿಂದ ಎದ್ದು ರಸ್ತೆ ದಾಟು, ಬಾಯಿ ಬಿಟ್ಟು ಹೇಳು. ‘ನಾನೇ ಓಡಿಹೋಗಿದ್ದೆ, ನಾನೇ ವಾಪಸ್ ಬಂದಿದೀನಿ.’ ಅಷ್ಟೇ. ನಡುವೆ ಅಕ್ಕ ಅನ್ನೋ ಮಾತೇ ಬರಬಾರದು.

ಯಾಕೆ ನಗ್ತೀಯ? ಕಾನೂನು ಹಾಗಿದೆ, ನಾನೇನು ಮಾಡ್ಲಿ. ಕಪ್ಪು ಕೋಟಿನ ತೋಳು ಗಿಡ್ಡ ಮಾಡಿಸೋಕೆ ನಮ್ಮ ಹೊಲಿಗೆ ಅಂಗಡಿಗೆ ಬರ್ತಾರಲ್ಲ ವಕೀಲರು, ಅವರನ್ನೇ ಕೇಳಿದೆ. ಯಾರೋ ಗಿರಾಕಿಯ ತಮ್ಮನ ವಿಷಯ ಅಂತ ಕೇಳಿದೆ... ನಂಬಿದ್ರೋ ಬಿಟ್ರೋ. ಬಾಯಲ್ಲಿ ಗುಂಡುಸೂಜಿ ಕಚ್ಕೊಂಡು ಕೇಳಿದ್ರೆ ಯಾರಿಗೂ ಅನುಮಾನ ಬರಲ್ಲ. ಕೋರ್ಟು ಆಸ್ಪತ್ರೆಗೆ ಹಾಕಿದವನು ತಪ್ಪಿಸ್ಕೊಂಡ್ರೆ ಅವನಿಗೆ ಶಿಕ್ಷೆ ಇಲ್ವಂತೆ. ಪೊಲೀಸರು ಹಿಡಿದು ತಂದು ಅದೇ ಮಂಚಕ್ಕೆ ಬಿಡ್ತಾರೆ, ಆಯ್ತು. ಆದ್ರೆ ಅವನನ್ನ ಕರ್ಕೊಂಡು ಹೋದವರು, ಬಚ್ಚಿಟ್ಕೊಂಡವರು... ಅವರಿಗೆ ಜೈಲು. ನೋಡು, ತಲೆ ಕೆಟ್ಟವನಿಗೆ ಮಾಫಿ, ತಲೆ ನೆಟ್ಟಗಿರೋ ನನಗೆ ಜೈಲು.

ಗೊತ್ತು, ಗೊತ್ತು. ಬಟ್ಟೆ ಒಗೆಯೋ ಕಟ್ಟಡದ ಹಿಂದಿನ ಬಾಗಿಲಿಂದ ನಿನ್ನ ಕೈ ಹಿಡ್ಕೊಂಡು ಬಂದವಳು ನಾನೇ. ಪೊಲೀಸರು ಬಂದಾಗ ಇಸ್ತ್ರಿ ಮೇಜಿನ ಕೆಳಗೆ ಕೂರಿಸಿದವಳೂ ನಾನೇ. ಮತ್ತೇನು ಮಾಡ್ಬೇಕಿತ್ತು? ಒಂದಿಡೀ ಶಾಲೆಯ ಸಮವಸ್ತ್ರ ಒಪ್ಕೊಂಡು ಕೂತಿದೀನಿ, ಕಟಿಂಗ್ ಮಾಸ್ಟರ್ ಹೇಳದೆ ಕೇಳದೆ ಬಿಟ್ಟುಹೋದ. ಅಂಗಡಿ ಬಾಗಿಲು ಹಾಕೋ ಪರಿಸ್ಥಿತಿ. ನಿನ್ನ ಹಾಗೆ ಬಟ್ಟೆ ಕತ್ತರಿಸೋರು ಇನ್ಯಾರಿದ್ದಾರೆ? ಆ ಕಚೇರಿಯ ಪರದೆಗಳನ್ನೆಲ್ಲ ಬಿಚ್ಚಿ ಕತ್ತರಿಸಿದ್ಯಲ್ಲ, ತಡೆಯೋಕೆ ಬಂದ ಗುಮಾಸ್ತನ ಕೈಗೆ ಕತ್ತರಿ ತಾಗಿ ಕೋರ್ಟು ಹತ್ತಿ ಈ ಆಸ್ಪತ್ರೆ ಸೇರಿದ್ಯಲ್ಲ... ಆ ಪರದೆಗಳನ್ನೂ ನೋಡಿದೆ ನಾನು. ಒಂದೊಂದೂ ಅಚ್ಚುಕಟ್ಟಾದ ಅಂಗಿ ತುಂಡು. ಒಂದು ಚೂರೂ ದಂಡ ಆಗಿರಲಿಲ್ಲ.

ಒಳಗೆ ನಿನಗೆ ಕತ್ತರಿ ಕೊಡಲ್ಲ, ಸೂಜಿನೂ ಕೊಡಲ್ಲ. ಅದಕ್ಕೇ ಅಂಗಡೀಲಿ ನೀನು ಅಷ್ಟು ಖುಷಿಯಾಗಿದ್ದೆ. ಮಾತ್ರೆ ಒಂದು ಹೊತ್ತಾದ್ರೂ ತಪ್ಪಿಸಿದ್ನಾ ನಾನು? ಮತ್ತೆ?

ಏನದು, ಆಗ್ಲಿಂದ ಆ ಗಂಟು ತೊಡೆ ಮೇಲೆ ಇಟ್ಕೊಂಡಿದೀಯ? ಬಿಚ್ಚು.

ಅಂಗಿ... ಯಾವಾಗ ಹೊಲಿದೆ? ಸಮವಸ್ತ್ರ ಎಲ್ಲಾ ಮುಗಿದು ಉಳಿದ ಬಿಳಿ ಬಟ್ಟೇಲಾ? ಕಾಲರ್ ನೋಡು, ಎಷ್ಟು ಚೆನ್ನಾಗಿ ಕೂತಿದೆ. ಇದು ಮಕ್ಕಳ ಅಳತೆ ಅಲ್ಲ. ನಿನ್ನದೇ ಅಳತೆ. ಇದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ತೀಯ?

ಯಾಕೆ ಹಾಗೆ ನೋಡ್ತೀಯ?

ಸೋಮವಾರಕ್ಕಾ... ನಿನಗೆ ನೆನಪಿದ್ಯಾ? ಜಡ್ಜ್ ಮುಂದೆ ನಿಲ್ಲೋದು, ಮನೆಗೆ ಕಳಿಸಿ ಅಂತ ಕೇಳೋದು... ಮರೆತಿದೀಯ ಅಂದ್ಕೊಂಡಿದ್ದೆ ನಾನು. ಅಂಗೀನ ನನ್ನ ಮಡಿಲಿಗೆ ಯಾಕೆ ಹಾಕ್ತೀಯ? ಓ, ಗುಂಡಿ ಇಲ್ಲ. ಹೌದು, ಗುಂಡಿ ಹಾಕೋದು ಯಾವತ್ತೂ ನನ್ನ ಕೆಲಸವೇ.

ನನ್ನನ್ನ ಬೈದಾದ್ರೂ ಬಿಡು.

ವಕೀಲರು ಇನ್ನೊಂದು ಮಾತೂ ಹೇಳಿದ್ರು. ರೋಗಿ ತಾನಾಗಿ ಓಡಿಹೋದ ಅಂತಾದ್ರೆ ಅವನ ಬಿಡುಗಡೆ ಅರ್ಜಿ ಮೂಲೆಗೆ. ಸೋಮವಾರ ಇಲ್ಲ, ಜಡ್ಜ್ ಇಲ್ಲ. ಮತ್ತೆ ಮೊದಲಿಂದ, ವರ್ಷಗಟ್ಟಲೆ. ಬೇರೆಯವರು ಕರ್ಕೊಂಡು ಹೋದ್ರು ಅಂದ್ರೆ ಮಾತ್ರ ಅದು ಅವನ ತಲೆಗೆ ಬರಲ್ವಂತೆ. ನಾನು... ಅಷ್ಟನ್ನ ನುಂಗಿಕೊಂಡೆ. ಶಿಕ್ಷೆ ಇಲ್ಲ ಅಂತ ಮಾತ್ರ ಹೇಳಿದೆ. ನಿನಗೆ ತಿಳಿಯಲ್ಲ ಅಂದ್ಕೊಂಡೆ.

ಎಲ್ಲಿಗೆ ಹೊರಟೆ? ಕೂತ್ಕೋ. ಗೇಟಿನ ಹತ್ರ ನೀನು ಬಾಯೇ ಬಿಡಬೇಡ. ಕರ್ಕೊಂಡು ಹೋದವಳು ನಾನು ಅಂತ ನಾನೇ ಹೇಳ್ತೀನಿ. ತಲೆ ಅಲ್ಲಾಡಿಸಬೇಡ. ಅಂಗಡಿ... ಅಂಗಡಿದು ಆಮೇಲೆ ನೋಡೋಣ.

ಈ ಅಂಗಿಯ ತುದಿ ಹಿಡ್ಕೋ. ಬ್ಯಾಗಲ್ಲಿ ಸೂಜಿ ದಾರ ಇದೆ, ಗುಂಡಿನೂ ಇದೆ. ಇಲ್ಲೇ ಹಾಕಿಬಿಡ್ತೀನಿ, ಆಮೇಲೆ ಹೋಗೋಣ. ನನ್ನನ್ನ ಕರ್ಕೊಂಡು ಹೋಗೋ ಕಡೆನೂ ಸೂಜಿ ಕೊಡಲ್ವಂತೆ.