ವೆಂಡೆಲ್‌ನ ಕೋಣೆಯ ಗಾಳಿ ಕೊಳವೆ

ಹೆಸರು: ರೇಮಂಡ್ ಹ್ರುಷ್ಕಾ, ತಂದೆ ದಿವಂಗತ ಅಡಾಲ್ಫ್ ಹ್ರುಷ್ಕಾ. ವಯಸ್ಸು: 58. ಕಸುಬು: ಮನೆಗಳಲ್ಲಿ ಹೀಟರ್‌ನ ಬಿಸಿ ಹರಿಸುವ ಗಾಳಿ ಕೊಳವೆ ಸ್ವಚ್ಛ ಮಾಡುವುದು. ವಾಸ: ಕರ್ವಿಲ್, ಟೆಕ್ಸಾಸ್.

ತಾವು ವಿಚಾರಿಸಿದ ಮೇರೆಗೆ ನಾನು ಹೇಳಿ ಬರೆಸುವುದೇನೆಂದರೆ:

ದಿನಾಂಕ 14-01-2025ರ ಮಂಗಳವಾರ ಬೆಳಿಗ್ಗೆ 8.40ಕ್ಕೆ ನಾನು ಲೊರೀನ್ ಕ್ನಿಪ್ಪಾ (52) ಅವರ ಮನೆಗೆ ಹೋದೆ. ತಂದೆ ಆಲ್ವಿನ್ ಕ್ನಿಪ್ಪಾ (84) ಅವರನ್ನು ನೋಡಿಕೊಳ್ಳಲು ಲೊರೀನ್ ಕಳೆದ ಮಾರ್ಚ್‌ನಲ್ಲಿ ಈ ಮನೆಗೆ ಮರಳಿದ್ದಾರೆ. ಸೀಡರ್ ಮರಗಳ ಪರಾಗ ಹಾರಿ ಊರಿಗೆಲ್ಲ ಅಲರ್ಜಿ ತರುವ ಕಾಲ ಅದು. ಲೊರೀನ್ ಅವರ ಕಣ್ಣು ಕೆಂಪಗಿತ್ತು. ಬಾಗಿಲು ತೆಗೆಯುವಷ್ಟರಲ್ಲಿ ನಾಲ್ಕು ಸಲ ಸೀನಿದರು. ಕೊಳವೆ ಸ್ವಚ್ಛ ಮಾಡಿದರೆ ಮನೆಯ ಧೂಳು ಹೋಗುತ್ತದೆ, ಸೀಡರ್ ಪರಾಗ ಹೊರಗಿನಿಂದ ಮತ್ತೆ ಬರುತ್ತದೆ, ಪೂರ್ತಿ ಗುಣವಾಗುವ ಭರವಸೆ ಕೊಡಲಾರೆ ಎಂದು ಮೊದಲೇ ತಿಳಿಸಿದೆ. "ಅಷ್ಟಾದ್ರೂ ಆಗ್ಲಿ ರೇಮಂಡ್ ಅವ್ರೇ, ರಾತ್ರಿ ಮೂಗು ಕಟ್ಟಿ ಸಾಕಾಗಿದೆ," ಎಂದರು.

ಆಲ್ವಿನ್ ಅವರು ನಡುಮನೆಯ ಕುರ್ಚಿಯಲ್ಲಿ ಕಾಲ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಹಿಂದಿನ ಚಿಕ್ಕ ಕೋಣೆಯ ಕೊಳವೆ ಮುಟ್ಟಬೇಡ ಎಂದರು. ಲೊರೀನ್ ಅವರು, ಎಲ್ಲ ಮಾಡಿ ಅದೊಂದು ಬಿಟ್ಟರೆ ಧೂಳು ಅಲ್ಲಿಂದಲೇ ಬರುತ್ತದೆ ಎಂದು ನನ್ನನ್ನು ಕರೆದುಕೊಂಡು ಹೋದರು. ಅದು ಅವರ ತಮ್ಮ ವೆಂಡೆಲ್‌ನ ಕೋಣೆ. ಅವನು ಎಂಟನೇ ವಯಸ್ಸಿಗೆ, 1984ರ ಜನವರಿಯಲ್ಲಿ, ಉಬ್ಬಸದಿಂದ ತೀರಿಕೊಂಡನೆಂದು ಹೇಳಿದರು. ನೆಲದಲ್ಲಿ ಕೊಳವೆಯ ಬಾಯಿಗಿದ್ದ ಜಾಲರಿಯ ಮೇಲೆ ಚಾಪೆ ಅಂಟಿಸಲಾಗಿತ್ತು. ಅದನ್ನು ನಾನೇ ಕಿತ್ತೆ.

ಈ ಕೋಣೆಗೂ ಪಕ್ಕದ ಲೊರೀನ್ ಅವರ ಕೋಣೆಗೂ ನೆಲದಡಿ ಒಂದೇ ತಗಡಿನ ಕೊಳವೆ, ಉದ್ದ ಹತ್ತು ಅಡಿ. 10.25ಕ್ಕೆ ವೆಂಡೆಲ್‌ನ ಜಾಲರಿಯಿಂದ ಮೂರು ಅಡಿ ಕೆಳಗಿನ ತಿರುವಿನಲ್ಲಿ ಬ್ರಷ್ ಸಿಕ್ಕಿಕೊಂಡಿತು. ಕೈಹಾಕಿದಾಗ ಹಿಡಿ ಬಾಗಿದ ಒಂದು ಚಮಚ, ಮಡಚಿದ ಒಂಬತ್ತು ಚೀಟಿ ಸಿಕ್ಕವು. ಶಾಲೆಯ ಪುಸ್ತಕದ ಹಾಳೆ, ಪೆನ್ಸಿಲ್ ಬರಹ. ಮೊದಲನೆಯದರಲ್ಲಿ "ಲೋರಿ, ನನ್ನ ಉಸಿರಿನ ಪಂಪ್ ಅಪ್ಪನ ಹತ್ರ ಇದೆ, ಇಸ್ಕೊಂಡು ಬಾ" ಎಂದಿತ್ತು. ಇನ್ನೊಂದರಲ್ಲಿ "ಅಪ್ಪ ಬೀಗ ಹಾಕಿದಾನೆ". ಕೊನೆಯ ಎರಡರಲ್ಲಿ ಅಕ್ಷರ ಓದಲಾಗಲಿಲ್ಲ. ಲೊರೀನ್ ಅವರ ಜಾಲರಿ ತಲುಪಲು ಅವುಗಳಿಗೆ ಇನ್ನೂ ಏಳು ಅಡಿ ಬಾಕಿಯಿತ್ತು.

ಲೊರೀನ್ ಅವರು ನೆಲದ ಮೇಲೆ ಕೂತು ಒಂಬತ್ತನ್ನೂ ಬಿಡಿಸಿ ನೋಡಿದರು. ಆ ಹೊತ್ತಿನಲ್ಲಿ ಒಮ್ಮೆಯೂ ಸೀನಲಿಲ್ಲ. ವೆಂಡೆಲ್ ನಿದ್ದೆಯಲ್ಲೇ ಹೋದನೆಂದು ತಂದೆ ಹೇಳಿದ್ದರು, ತಾಯಿ ಆ ವಾರ ಊರಲ್ಲಿರಲಿಲ್ಲ, ಅವನು ಸತ್ತ ಮಧ್ಯಾಹ್ನ ತಮ್ಮದೇ ಕೋಣೆಯ ಜಾಲರಿಯಲ್ಲಿ ಟಕಟಕ ಸದ್ದು ಕೇಳಿ ಅದೇನೆಂದು ತಂದೆಯನ್ನು ವಿಚಾರಿಸಿದ್ದಾಗಿ ಅವರು ನನಗೆ ತಿಳಿಸಿದರು.

ನಡುಮನೆಯಿಂದ ಆಲ್ವಿನ್ ಅವರು, "ತಗಡು ಕಣೇ ಅದು. ಹೀಟರ್ ಹಾಕಿದ್ರೆ ಬಿಸಿಗೆ ಟಕಟಕ ಅನ್ನುತ್ತೆ. ಆವತ್ತೂ ಹೇಳಿದ್ನಲ್ಲ," ಎಂದು ಕೂಗಿದರು.

ಬಿಸಿಯಾದ ತಗಡು ಸದ್ದು ಮಾಡುವುದು ನಿಜ. ಹೀಗಾಗಿ ನಾನು, "ಆವತ್ತು ಹೀಟರ್ ಉರೀತಿತ್ತಾ ಮೇಡಂ?" ಎಂದು ಕೇಳಿದೆ. ನನ್ನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಲೊರೀನ್ ಅವರು ಚೀಟಿಗಳನ್ನು ಮತ್ತೆ ಮಡಚಿದರು. ಆಮೇಲೆ, "ಹೀಟರ್‌ನ ಗ್ಯಾಸ್ ಮುಗಿದು ಮೂರು ದಿನ ಆಗಿತ್ತು. ಮನೆಯೊಳಗೇ ಕೋಟು ಹಾಕ್ಕೊಂಡಿದ್ವಿ. ನಂದು ಹಸಿರು ಕೋಟು," ಎಂದರು.

10.50ಕ್ಕೆ ಅವರು ಚೀಟಿಗಳನ್ನು ತಂದೆಯ ಕಂಬಳಿಯ ಮೇಲೆ ಇಟ್ಟು, "ಓದಪ್ಪಾ," ಎಂದರು. ಆಲ್ವಿನ್ ಅವರು ಕನ್ನಡಕ ಹಾಕಿಕೊಳ್ಳಲಿಲ್ಲ. "ನಾಟಕ ಆಡ್ತಾನೆ ಅಂದ್ಕೊಂಡೆ. ಬುದ್ಧಿ ಬರ್ಲಿ, ಅರ್ಧ ಗಂಟೆ ಇರ್ಲಿ ಅಂತ. ಆಮೇಲೆ ನಂಗೆ ಕಣ್ಣು ಹತ್ತಿಬಿಡ್ತು," ಎಂದರು. ನಾನು ಬಾಗಿಲ ಬಳಿ ಐದು ಅಡಿ ದೂರದಲ್ಲಿದ್ದೆ, ಸ್ಪಷ್ಟವಾಗಿ ಕೇಳಿಸಿತು. ಲೊರೀನ್ ಅವರು ಬೈಯಲಿಲ್ಲ. ಜಾರಿದ್ದ ಕಂಬಳಿಯನ್ನು ಸರಿಮಾಡಿ, 10.56ಕ್ಕೆ ಪೊಲೀಸರಿಗೆ ಫೋನ್ ಮಾಡಿದರು.

ಪೊಲೀಸರಾದ ತಾವು ಬರುವವರೆಗೆ ಲೊರೀನ್ ಅವರು ತಮ್ಮ ಕೋಣೆಯಲ್ಲಿ ಜಾಲರಿಯ ಪಕ್ಕ ಮಲಗಿದ್ದರು. ನನ್ನನ್ನು ಕರೆದು, "ನೀವು ಈ ಕೆಲಸದವರು, ನಿಜ ಹೇಳಿ. ನಾನಾವತ್ತು ಇಲ್ಲಿ ಕಿವಿ ಇಟ್ಟಿದ್ರೆ ಅವನ ದನಿ ಕೇಳಿಸ್ತಿತ್ತಾ?" ಎಂದು ಕೇಳಿದರು.

"ಇಲ್ಲ ಮೇಡಂ, ತಿರುವಿದೆಯಲ್ಲ, ಕೇಳಿಸ್ತಿರ್ಲಿಲ್ಲ," ಎಂದೆ.

ಇಪ್ಪತ್ತಾರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಹತ್ತು ಅಡಿ ತಗಡಿನಲ್ಲಿ, ಒಂದು ತಿರುವಿದ್ದರೂ, ಪಿಸುಮಾತು ಸಹ ಕೇಳಿಸುತ್ತದೆ. ನಾನು ಅವರಿಗೆ ಹೇಳಿದ್ದು ಸುಳ್ಳು. ಈ ಭಾಗವನ್ನು ಅವರಿಗೆ ಓದಿ ಹೇಳಬಾರದೆಂದು ಕೋರುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಲಾಯಿತು. ಕಂಡದ್ದನ್ನೂ ಕೇಳಿದ್ದನ್ನೂ ಇದ್ದ ಹಾಗೆ ಹೇಳಿದ್ದೇನೆ, ಏನನ್ನೂ ಸೇರಿಸಿಲ್ಲ.

ಸ್ಥಳ: ಕರ್ವಿಲ್
ದಿನಾಂಕ: 14-01-2025, ಮಧ್ಯಾಹ್ನ 3.15
ಸಹಿ: ರೇಮಂಡ್ ಹ್ರುಷ್ಕಾ